ಗಂಟೆಗೊಮ್ಮೆ ಒಂದು ನಿಮಿಷ

ಗ್ಯುಮ್ರಿಯಲ್ಲಿ ಭೂಮಿ ನಡುಗಿದ ವಾರ
ಗಂಟೆಗೊಮ್ಮೆ ಕ್ರೇನುಗಳ ಬಾಯಿ ಕಟ್ಟುತ್ತಿದ್ದರು,
ಕಲ್ಲಿನಡಿ ಯಾರಾದರೂ ತಟ್ಟುತ್ತಿದ್ದರೆ
ಕೇಳಲೆಂದು.
ಅರುಸ್ಯಾಕ್ ಮಂಡಿಯೂರಿ
ತಣ್ಣನೆ ಕಾಂಕ್ರೀಟಿಗೆ ಕಿವಿ ಹಚ್ಚಿದಳು.

ಮಗ ತಟ್ಟಲಿಲ್ಲ.

ಅಂದಿನಿಂದ ಮೌನವೆಂದರೆ ಅಂಜಿಕೆ.
ಮನೆ ತುಂಬ ರೇಡಿಯೋ, ಹೊಲಿಗೆಯಂತ್ರ;
ಪ್ರಾರ್ಥನೆಯೂ ಒಂದು ಗದ್ದಲ:
ಯಾಕೆ, ಯಾಕೆ ಎಂದು
ದೇವರನ್ನು ಕೇಳಿದ್ದೇ ಕೇಳಿದ್ದು,
ಕೇಳಿಸಿಕೊಂಡದ್ದಿಲ್ಲ.

ಇಗರ್ಜಿಯಲ್ಲಿ ಕರೆಂಟು ಹೋದ ಒಂದು ಸಂಜೆ
ಮೇಣದಬತ್ತಿ ಮಾರುವ ಮುದುಕ ಹುಸಿಕ್
ಬಂದು ಪಕ್ಕ ಕೂತ. ಸಮಾಧಾನ ಹೇಳಲಿಲ್ಲ.
ಅವನೆದೆಯ ಗೊರಗೊರ, ಬತ್ತಿಯ ಚಿಟಪಟ,
ಆಮೇಲೆ ಏನೂ ಇಲ್ಲ.

ಆ ಏನೂ ಇಲ್ಲದರಲ್ಲಿ
ಯಾರೋ ಮೇಲೆ, ಅವಶೇಷದಾಚೆ,
ಯಂತ್ರಗಳನ್ನೆಲ್ಲ ನಿಲ್ಲಿಸಿ
ತನ್ನತ್ತ ಕಿವಿ ಹಚ್ಚಿದಂತೆ.

ಬೆರಳು ಮಡಚಿ
ಬೆಂಚಿಗೆ ಮೆಲ್ಲಗೆ
ತಟ್ಟಿದಳು.