ಬಿಳಿ ಬಾವುಟ

ಅರ್ಜಿಯಲ್ಲಿ ಹೆಸರು ಸಿಪ್ರಿಯನ್ ಕ್ರಾಸ್ತಾ, ಊರು ಕಯ್ಯಾರು,
ರಕ್ತದ ಗುಂಪು ಬಿ ಪಾಸಿಟಿವ್.
ರೇಸಿನ ಅನುಭವ ಎಂದು ಕೇಳಿದ ಕಡೆ
ಒಂದು ಅಡ್ಡಗೆರೆ ಎಳೆದೆ.
ಕಾಸರಗೋಡಿನಿಂದ ಮಂಗಳೂರಿಗೆ ಹನ್ನೊಂದು ವರ್ಷ
ಆಂಬುಲೆನ್ಸ್ ಓಡಿಸಿದ್ದನ್ನು ಬರೆಯುವಷ್ಟು
ಅಲ್ಲಿ ಜಾಗ ಇರಲಿಲ್ಲ.

"ನಲವತ್ತು ತುಂಬುವ ಮೊದಲು ಒಂದು ಸಲ
ಹಿಂದೆ ಯಾರೂ ನರಳದೆ ಜೋರು ಹೋಗಿ ನೋಡು ಮಾರಾಯ"
ಎಂದವನು ಉಪ್ಪಳದ ಗ್ಯಾರೇಜಿನ ಅಂದುಂಞಿ.
ಹಳೆಯ ಎಸ್ಟೀಮ್ ಒಂದರ ಸೀಟು ಕಿತ್ತು
ಒಳಗೆ ಕಬ್ಬಿಣದ ಪಂಜರ ಬೆಸೆದಿದ್ದಾನೆ.
ಪಂಜರ ಉಂಟು, ಗಿಳಿಗೆ ಲೈಸೆನ್ಸ್ ಆಗಬೇಕು.

ಪ್ರಮಾಣಪತ್ರಕ್ಕೆ ಬಿಪಿ ನೋಡಿದ ಕ್ಯಾಶುವಾಲ್ಟಿಯ ಡಾಕ್ಟರು
ನನ್ನ ಬೆನ್ನ ಹಿಂದೆ ಇಣುಕಿದರು, ಸ್ಟ್ರೆಚರು ಹುಡುಕಿ.
"ಸಿಪ್ರಿ, ನೀನು ಒಬ್ಬನೇ ಬಂದದ್ದು ಇದೇ ಮೊದಲಲ್ಲವಾ?"

ರಾತ್ರಿ ಊಟದ ಮೇಲೆ ಐರಿನ್
ಒಗೆದ ಬಟ್ಟೆಯ ಬುಟ್ಟಿ ಎದುರಿಟ್ಟು ಕೂರುತ್ತಾಳೆ.
ಹಳದಿ ಟವೆಲು ಬೀಸಿದರೆ ಮುಂದೆ ಅಪಾಯ, ಓವರ್‌ಟೇಕ್ ಇಲ್ಲ.
ಎರಡು ಟವೆಲಾದರೆ, ನಿಲ್ಲಲೂ ತಯಾರಿರು.
ಮಗಳ ನೀಲಿ ಲಂಗ: ನಿನಗಿಂತ ಜೋರಿನವ ಹಿಂದಿದ್ದಾನೆ,
ದಾರಿ ಬಿಡು.
ಚೌಕುಳಿ ನನ್ನದೇ ಲುಂಗಿ.
"ಇದನ್ನು ಉಟ್ಟವರು ಯಾವ ರೇಸು ಗೆದ್ದದ್ದನ್ನೂ
ನಾನು ಕಂಡಿಲ್ಲಪ್ಪ" ಎಂದು ಅವಳಿಗೆ ನಗು.

ನೀಲಿಯಲ್ಲೇ ನಾನು ತಪ್ಪುವುದು. ದಿನಾ.
ಮೀನಿನ ಲಾರಿ, ಮದುಮಗನ ಕಾರು,
ಒಮ್ಮೆ ಯಾರೋ ಮಂತ್ರಿಯ ಬೆಂಗಾವಲು ಸಹ
ಮಣ್ಣಿಗಿಳಿದು ನನಗೆ ದಾರಿ ಬಿಟ್ಟಿವೆ.
ನಾನು ಬಿಟ್ಟದ್ದು ನೆನಪಿಲ್ಲ.

ತಿರುವಿನ ಪಾಠ ಮಾತ್ರ ಓದದೆಯೇ ಬರುತ್ತದೆ.
ಹೊರಗಿನಿಂದ ಒಳಕ್ಕೆ, ಒಳಗಿನಿಂದ ಹೊರಕ್ಕೆ,
ಬ್ರೇಕು ಮೊದಲೇ, ಹಾಲಿನ ಪಾತ್ರೆ ಇಳಿಸಿದ ಹಾಗೆ.
ಕಲಿಸಿದ್ದು ಹಿಂದೆ ಕೊಕ್ಕೆಗೆ ನೇತ ಗ್ಲೂಕೋಸ್ ಬಾಟಲಿ.
ಮೊಗ್ರಾಲಿನ ಹತ್ತಿರ ಅದು ತೂಗಿದರೆ
ನರ್ಸ್ ಲೀಲಾಮಣಿ ಕಿಟಿಕಿ ತಟ್ಟುತ್ತಾಳೆ, ಒಂದು ಸಲ.
ಎರಡನೇ ಸಲ ತಟ್ಟಿಸಿಕೊಂಡವ ಡ್ರೈವರೇ ಅಲ್ಲ.

ಕೆಂಪು ಅಂದರೆ ನಿಲ್ಲು. ಯಾಕೆಂದು ಕೇಳುವಂತಿಲ್ಲ.
ಅದಕ್ಕೆ ಐರಿನ್ ಬಟ್ಟೆ ಎತ್ತುವುದಿಲ್ಲ,
ಮುಂದಿನ ಪ್ರಶ್ನೆಗೆ ಹೋಗುತ್ತಾಳೆ.
ಆ ಏಪ್ರಿಲಿನಲ್ಲಿ ಗಡಿಯ ದಾರಿಗೆ ಅಡ್ಡ
ಟಿಪ್ಪರಿನಿಂದ ಮಣ್ಣು ಸುರಿದಿದ್ದರು.
ಆಚೆಯೂ ಕನ್ನಡ, ಈಚೆಯೂ ಕನ್ನಡ,
ಸುರಿದ ಮಣ್ಣೂ ನಮ್ಮ ಗುಡ್ಡದ್ದೇ ಬಣ್ಣ.
ಸೈರನ್ ನಿಲ್ಲಿಸಿದೆ, ಆಮೇಲೆ ಎಂಜಿನ್.
ಬಾಟಲಿ ಅಷ್ಟು ನೆಟ್ಟಗೆ ನಿಂತದ್ದು
ಹನ್ನೊಂದು ವರ್ಷದಲ್ಲಿ ಅದೊಂದೇ ಸಲ.
ಲೀಲಾಮಣಿ ಕಿಟಿಕಿ ತಟ್ಟಲಿಲ್ಲ.

ಪುಸ್ತಕದ ಕೊನೆಯ ಹಾಳೆಯಲ್ಲಿ ಬಿಳಿ:
ತೀರಾ ನಿಧಾನದ ವಾಹನವೊಂದು ಮುಂದೆ ಟ್ರ್ಯಾಕಿನಲ್ಲಿದೆ.
ಉದಾಹರಣೆಗೆ, ಆಂಬುಲೆನ್ಸ್.
ಐರಿನ್ ದಿಂಬಿನ ಕವರು ಎತ್ತಿ ಹಿಡಿದು ಕಾದಳು,
ಕೈ ನೋಯುವವರೆಗೆ.
ನನ್ನನ್ನು ನಿಧಾನ ಎಂದು ಕರೆಯುವ ಜಾಗವೂ
ಒಂದು ಇರಬಹುದು ಎಂದು ನನಗೆ ಗೊತ್ತಿರಲಿಲ್ಲ.
ಆ ಜಾಗದ ಮೇಲೆ ಯಾಕೋ ಪ್ರೀತಿ ಬಂತು.

ಗುರುವಾರ ಕೊಯಮತ್ತೂರಿನ ರೈಲು.
ಹೆಲ್ಮೆಟ್ ಅಂದುಂಞಿಯ ಅಳಿಯನದು, ಕಿವಿ ಬಿಗಿ.

ಇವತ್ತು ಮಂಗಳೂರಿನಿಂದ ಖಾಲಿ ಬರುತ್ತಿದ್ದೆ,
ಸೈರನ್ ಇಲ್ಲದೆ, ಸ್ಟ್ರೆಚರಿನ ಮೇಲೆ
ಲೀಲಾಮಣಿ ಮಗುವಿಗೆಂದು ಕೊಂಡ ಚಪ್ಪಲಿಯ ಪೆಟ್ಟಿಗೆ.
ಹೊಸಂಗಡಿ ದಾಟುವಾಗ ಕನ್ನಡಿಯಲ್ಲಿ ದೀಪ ತಿರುಗಿತು:
ಇನ್ನೊಂದು ಆಂಬುಲೆನ್ಸ್, ನಮ್ಮದಲ್ಲ.
ಕಾಲು ಅಭ್ಯಾಸಬಲದಿಂದ ಎಕ್ಸಲೇಟರ್ ಒತ್ತಿತು.
ಆಮೇಲೆ ನೆನಪಾಯಿತು ಲಂಗ.
ಎಡಕ್ಕೆ ಇಂಡಿಕೇಟರ್ ಹಾಕಿದೆ.
ಅದು ಹೋಯಿತು, ಕಿಟಿಕಿಯ ಒಳಗೆ
ಬಾಟಲಿ ತೂಗುತ್ತಿತ್ತೋ ಇಲ್ಲವೋ,
ನೋಡುವಷ್ಟು ಹೊತ್ತು ಸಿಗಲಿಲ್ಲ.