ಪೂಜಾರಿ

ಘಾಟ್ಕೋಪರದ ಚಾಳಿನಲ್ಲಿ ನಮ್ಮ ಮೊದಲ ಚೌತಿ.
ಬಾಗಿಲ ಮೇಲಿನ ಹೆಸರು ಓದಿಕೊಂಡು
ಎದುರು ಖೋಲಿಯ ಸಾಳಸ್ಕರ ಅಜ್ಜಿ
ಅಪ್ಪನ ಅಂಗೈಗೆ ಗರಿಕೆ ಸುರಿದಳು:
'ಭಟಜಿ ಇನ್ನೂ ಬಂದಿಲ್ಲ, ಪೂಜಾರಿಬುವಾ,
ನೀವೇ ಕೂರಿಸಿಬಿಡಿ ಗಣಪತಿಯನ್ನ.'

ಅಪ್ಪ ಪರ್ಮಿಟ್ ರೂಮಿನ ವೇಟರು.
ರಾತ್ರಿ ಒಂದೂವರೆಗೆ ಬಂದವನ ಅಂಗಿಯಲ್ಲಿ
ಸೋಡಾ, ಹುರಿದ ಕಡಲೆ, ಯಾರದೋ ಸಿಗರೇಟು.

ಅವನಪ್ಪ ಮುಲ್ಕಿಯಲ್ಲಿ ನಂಬಿದ್ದು ಮೂರ್ತಿಯಲ್ಲ, ಮೂರ್ತೆ:
ಮಿಂದು, ತಾಳೆಯ ಬುಡ ಮುಟ್ಟಿ ಕಣ್ಣಿಗೊತ್ತಿ,
ಕತ್ತಿ ಸೊಂಟಕ್ಕೆ ಸಿಕ್ಕಿಸಿ ಏರಿದರೆ
ಗರ್ಭಗುಡಿ ಅಲ್ಲೇ, ಗಾಳಿಯಲ್ಲಿ.
ಇಳಿಸಿದ ತೀರ್ಥ ತುಸು ಹುಳಿ.
ಊರ ದೇವಸ್ಥಾನದಲ್ಲಿ ಮಾತ್ರ
ಈ ಪೂಜಾರಿಗೆ ಅಂಗಳದಾಚೆಯೇ ಜಾಗ.

ದಾಳಿಯ ರಾತ್ರಿ ಹವಾಲ್ದಾರ ನಕ್ಕನಂತೆ:
'ಪೂಜಾರಿಯಾ? ಬಾ, ನಿನಗೊಂದು ಪೂಜೆ.'
ಎಡ ಮೊಣಕೈ ಇನ್ನೂ ಪೂರ್ತಿ ಮಡಚುವುದಿಲ್ಲ.

ಅಲ್ಲವೆನ್ನಲು ಬಾಯಿ ತೆರೆದ ಅಪ್ಪ.
ಒಳಗಿಂದ ಅಮ್ಮ ಕೆಮ್ಮಿದಳು.
ಕೈಕಾಲು ತೊಳೆದು ಬಂದು,
ತುಂಬಿದ ಗ್ಲಾಸು ತುಳುಕದಂತೆ ಇಡುವ ಕೈಯಲ್ಲಿ
ಇಟ್ಟ, ಮಣ್ಣಿನ ಗಣಪನನ್ನು ಮಣೆಯ ಮೇಲೆ.
ತುಟಿಯೇನೋ ಆಡಿತು. ಆಮೇಲೆ ಕೇಳಿದರೆ,
'ಅಪ್ಪ ಏರುತ್ತಿದ್ದ ಮರ ಎಣಿಸಿದೆ' ಎಂದ.

ಅಜ್ಜಿ ಹನ್ನೊಂದು ರೂಪಾಯಿ ದಕ್ಷಿಣೆ ಇಟ್ಟಳು.
ಅಭ್ಯಾಸಬಲ: 'ಥ್ಯಾಂಕ್ಯೂ ಸಾಬ್,'
ಅಂದುಬಿಟ್ಟ.