ಹತ್ತು ವೋಲ್ಟಿನ ಪ್ರಶ್ನೆ

ಸೊಹಾರ್ ಬಂದರಿನ ಹಿಂದೆ, ಸಬ್‌ಸ್ಟೇಷನ್.
ನಸುಕಿನ ನಾಲ್ಕಕ್ಕೇ ಕಬ್ಬಿಣ ಬೆವರಿದೆ,
ಬುಶಿಂಗುಗಳ ಪಿಂಗಾಣಿಗೆ ಕಡಲುಪ್ಪು.
ಒಂದು ಲಕ್ಷ ಮೂವತ್ತೆರಡು ಸಾವಿರ ವೋಲ್ಟು ಹೊರುವವನು
ಇವತ್ತು ತಂತಿ ಕಳಚಿಸಿಕೊಂಡು
ಸುಮ್ಮನೆ ನಿಂತಿದ್ದಾನೆ.
ನಾವು ಕೊಡುವುದು ಹತ್ತೇ ಹತ್ತು.

ಏಪ್ರಿಲ್‌ನಲ್ಲಿ ಯಾರದೋ ಜೆಸಿಬಿ ಕೇಬಲ್ಲಿಗೆ ಹಲ್ಲು ಹಾಕಿತ್ತು.
ಕಣ್ಣು ಮಿಟುಕುವಷ್ಟರಲ್ಲಿ ಬ್ರೇಕರ್ ಬಿತ್ತು.
ಎಣ್ಣೆ ತೆಗೆದು ನೋಡಿದರು: ಅನಿಲವಿಲ್ಲ.
ಸುತ್ತುಗಳ ಲೆಕ್ಕ ಸರಿ. ಇನ್ಸುಲೇಷನ್ ಸರಿ.
ಮತ್ತೆ ಚಾರ್ಜ್ ಮಾಡಿದರು. ಅವನೂ ದುಡಿದ,
ಮೇ, ಜೂನ್, ಜುಲೈ, ಊರಿನ ಏಸಿಗಳನ್ನೆಲ್ಲ ಹೊತ್ತು.

ಮಡಕೆ ಮಾರುವವಳ ಮಗ ನಾನು.
ಪುತ್ತೂರು ಸಂತೆಯಲ್ಲಿ ಕೊಳ್ಳುವವರು ಬೆರಳು ಮಡಿಚಿ ತಟ್ಟುತ್ತಿದ್ದರು;
ಕಣ್ಣಿಗೆ ಸಿಗದ ಬಿರುಕು ಕಿವಿಗೆ ಸಿಗುತ್ತಿತ್ತು.
ದನಿ ಸತ್ತ ಮಡಕೆಗೆ ಅಮ್ಮ ಬೆಲೆ ಹೇಳುತ್ತಿರಲಿಲ್ಲ,
ಕಾಲಿನಿಂದ ಮೆಲ್ಲಗೆ ಹಿಂದಕ್ಕೆ ಸರಿಸುತ್ತಿದ್ದಳು.

ಇದೂ ಅದೇ ಕೆಲಸ. ಬೆರಳಿನ ಬದಲು
ಇಪ್ಪತ್ತು ಹರ್ಟ್ಸ್‌ನಿಂದ ಇಪ್ಪತ್ತು ಲಕ್ಷಕ್ಕೆ ಏರುವ ತಟ್ಟು.
ಮೊದಲ ಗೆರೆ ತುದಿಯಲ್ಲಿ ನಡುಗಿತು.
ತಪ್ಪು ಅವನದಲ್ಲ, ನಮ್ಮದು, ಎಂದೆ.
ಇದಿನಬ್ಬ ಒಂದೇ ಕೈಯಲ್ಲಿ ಏಣಿ ಹತ್ತಿ,
ಬಣ್ಣ ಕೆರೆದು, ಅರ್ತಿಂಗ್ ಪಟ್ಟಿ ಬಿಗಿದು ಬಂದ.

ಎರಡನೆಯದು ಸ್ವಚ್ಛ.
ಅದರ ಕೆಳಗೆ ಹನ್ನೊಂದು ವರ್ಷದ ಹಿಂದಿನ ಗೆರೆ ಬಿಡಿಸಿದೆ,
ಕಾರ್ಖಾನೆಯಲ್ಲಿ ಹುಟ್ಟಿದ ದಿನ ಬರೆದ ಜಾತಕ.
ಆರ್ ಫೇಸ್ ಕೂಡಿತು. ವೈ ಕೂಡಿತು.
ಬಿ, ಎಂಬತ್ತು ಕಿಲೋಹರ್ಟ್ಸ್ ಹತ್ತಿರ,
ಗುಡ್ಡ ಇರಬೇಕಾದಲ್ಲಿ ಬೇರೆ ಗುಡ್ಡ.

ಖಲ್ಫಾನ್ ಕರಕ್ ಚಹಾ ಮರೆತ:
“ಸೋರಿಲ್ಲ, ಸದ್ದಿಲ್ಲ. ಇದು ಆಗಸ್ಟ್. ಏನೆಂದು ಬರೆಯುತ್ತೀ?”
ಒಳಸುತ್ತು ಜರುಗಿದೆ, ಬಿಚ್ಚಿ ನೋಡಿ, ಎಂದು ಬರೆದೆ.
ಇನ್ನೊಂದು ಏಟು ಬೀಳಬಹುದು. ಬೀಳದೆಯೂ ಇರಬಹುದು.
ಅದನ್ನು ಯಾವ ಗೆರೆಯೂ ಹೇಳುವುದಿಲ್ಲ.
ಸಹಿ ಮಾಡುವಾಗ ಪೆನ್ನು ಬೆರಳಲ್ಲಿ ಜಾರುತ್ತಿತ್ತು.

ಅಕ್ಟೋಬರಿನಲ್ಲಿ, ವರ್ಕ್‌ಶಾಪಿನಲ್ಲಿ,
ಹೊರಸುತ್ತು ಎತ್ತಿದ ಮೇಲೆ ಕಂಡಿತು:
ತಾಮ್ರ ಒಂದು ಮಗ್ಗುಲು ಒಳಕ್ಕೆ ತಗ್ಗಿತ್ತು,
ಯಾರೋ ಮೊಣಕಾಲು ಊರಿ ಎದ್ದು ಹೋದ ಹಾಸಿಗೆ.
ಕಾಗದ ಮಾತ್ರ ಎಲ್ಲೂ ಹರಿದಿರಲಿಲ್ಲ.

“ಹೀಗಿದ್ದೂ ಮೂರು ತಿಂಗಳು ದುಡಿದನಾ!”
ಇದಿನಬ್ಬ ಬಗ್ಗಿ ನೋಡಿದ, ಎಡಗೈ ಪಕ್ಕೆಗೊತ್ತಿಕೊಂಡು.
ಏಣಿಯಿಂದ ಬಿದ್ದದ್ದು ಯಾವಾಗ ನೀನು, ಕೇಳಿದೆ.
“ಅದಾ? ನೋಂಬಿನ ತಿಂಗಳಲ್ಲಿ. ಏನೂ ಆಗಿಲ್ಲ ಸಾರ್,
ನಗುವಾಗ ಮಾತ್ರ.”